ಕೆಳಗಿನ ಮೆಟ್ಟಿಲಿಗೂ ಕಾಣುವ ಗಾಜು

ಸಿಂಧಘಟ್ಟದ ಮಾಯಮ್ಮ ಊರಿನ ಡೈರಿಗೆ ಹಾಲು ಹಾಕುವುದನ್ನು ನಿಲ್ಲಿಸಿದ್ದಾಳೆ ಎಂಬ ಸುದ್ದಿ ಮಗಳು ಪ್ರಮೀಳಾಗೆ ಮುಟ್ಟಿದ್ದು ಅಪ್ಪನ ಫೋನಿನಿಂದ. ಪುಟ್ಟಸ್ವಾಮಿ ಸುಮ್ಮಸುಮ್ಮನೆ ಫೋನು ಮಾಡುವ ಆಸಾಮಿಯಲ್ಲ. ಮಾಡಿದರೂ ಮಳೆ, ಬೆಳೆ ಎಂದು ಸುತ್ತುಬಳಸಿ ಆಮೇಲೆ ವಿಷಯಕ್ಕೆ ಬರುವವನು. ಅವತ್ತು ನೇರವಾಗಿ ಶುರು ಮಾಡಿದ.

"ನಿಮ್ಮವ್ವ ಡೈರಿ ಚಲುವಯ್ಯನ್ನ ಜನದ ಮುಂದೆ ಕಳ್ಳ ಅಂದ್ಬುಟ್ಟವ್ಳೆ ಕಣವ್ವ. ಅವ್ನು ನಾ ಸೆಕ್ರೆಟ್ರಿ ಕೆಲ್ಸನೇ ಬುಡ್ತೀನಿ ಅಂತ ಕುಂತವ್ನೆ. ಇವ್ಳು ಆಲಿನ ಕ್ಯಾನು ಒತ್ಕೊಂಡು ಪಕ್ಕದೂರಿಗೆ ಓಗ್ತಾವ್ಳೆ. ನಾ ಏಳುದ್ರೆ ಕೇಳಾಕಿಲ್ಲ. ನೀನಾದ್ರೂ ಬಂದು ಒಂದು ಮಾತು ಏಳು."

ಪ್ರಮೀಳಾ ಆಗ ಶ್ರೀರಂಗಪಟ್ಟಣದ ಹೊರಗೆ ಹೆದ್ದಾರಿ ಬದಿಯಲ್ಲಿದ್ದ ತನ್ನ ಕಂಪನಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ತೂಕದ ಯಂತ್ರ, ಪಂಪಿನ ಮೀಟರು, ಬಸ್ಸಿನ ಟಿಕೆಟ್ ಯಂತ್ರ ಇಂಥವಕ್ಕೆ ಸಣ್ಣಸಣ್ಣ ಪರದೆಗಳನ್ನು ರೂಪಿಸಿ ಮಾರುವ ಕಂಪನಿ ಅದು. ನಕ್ಷೆ ಇಲ್ಲಿ ತಯಾರಾಗುತ್ತಿತ್ತು, ಗಾಜು ತೈವಾನಿನಲ್ಲಿ ಆಗಿ ಬರುತ್ತಿತ್ತು, ಜೋಡಣೆ, ಪರೀಕ್ಷೆ ಮತ್ತೆ ಇಲ್ಲಿ. ಊರಲ್ಲಿ ಮಾತ್ರ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ಪುಟ್ಟಸ್ವಾಮಿ ಮಗ್ಳು ಟಿವಿ ಫ್ಯಾಕ್ಟ್ರೀಲವ್ಳೆ."

ಅವಳು ಆ ಕೆಲಸಕ್ಕೆ ಬಂದ ದಾರಿ ಸರಳವಾದದ್ದು. ಕೆ.ಆರ್. ಪೇಟೆಯಲ್ಲಿ ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ಮೈಸೂರಿಗೆ ಹೋದಳು. ಅಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ಎರಡು ಗಾಜಿನ ಚೂರುಗಳ ನಡುವೆ ಒಂದು ತೊಟ್ಟು ದ್ರವಸ್ಫಟಿಕ ಬಿಟ್ಟು ಸೂಕ್ಷ್ಮದರ್ಶಕದ ಅಡಿ ಇಟ್ಟು ನೋಡಲು ಹೇಳಿದರು. ನವಿಲಿನ ಗರಿಯ ಬಣ್ಣಗಳೆಲ್ಲ ಒಂದರ ಮೇಲೊಂದು ಹರಿಯುತ್ತಿದ್ದವು. ತಂತಿ ಜೋಡಿಸಿ ಸ್ವಲ್ಪ ವಿದ್ಯುತ್ತು ಕೊಟ್ಟಾಗ ಬಣ್ಣವೆಲ್ಲ ಒಮ್ಮೆಗೇ ಕಪ್ಪಾಗಿ, ಬಿಟ್ಟಾಗ ಮತ್ತೆ ಬಂದವು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುವವರೆಗೂ ಅವಳು ಕಣ್ಣು ತೆಗೆದಿರಲಿಲ್ಲ. ಓದು ಮುಗಿದ ಮೇಲೆ ಪಾಂಡವಪುರಕ್ಕೆ ಮದುವೆಯಾಗಿ ಬಂದಳು. ಗಂಡ ಶಿವಶಂಕರ್ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಪಕ್ಕದಲ್ಲೇ ಪರದೆಯ ಕಂಪನಿ ಇದೆ ಎಂದು ತಿಳಿದ ದಿನವೇ ಸ್ಕೂಟರು ಹತ್ತಿ ಹೋಗಿ ಕೆಲಸ ಕೇಳಿದ್ದಳು.

ಆದರೆ ಕೊಟ್ಟ ಕೆಲಸ ಅವಳ ಆಸೆಯಷ್ಟು ದೊಡ್ಡದಾಗಿರಲಿಲ್ಲ. ಬೇರೆ ಯಾರೋ, ಬೇರೆ ಯಾವುದೋ ದೇಶದಲ್ಲಿ ಬರೆದ ನಕ್ಷೆಗಳನ್ನು ಗಿರಾಕಿಗೆ ಬೇಕಾದ ಅಳತೆಗೆ ಹಿಗ್ಗಿಸುವುದು, ಕುಗ್ಗಿಸುವುದು ಅಷ್ಟೇ. ಹೊಲಿದ ಅಂಗಿಯ ತೋಳು ಗಿಡ್ಡ ಮಾಡಿಕೊಡುವ ಟೈಲರಿನ ಕೆಲಸ. ತಾನೇ ಬಟ್ಟೆ ಕತ್ತರಿಸುವ ದಿನ ಬಂದಿರಲಿಲ್ಲ.

ಶನಿವಾರ ಸಂಜೆ ಅವಳು ಸಿಂಧಘಟ್ಟಕ್ಕೆ ಹೋದಾಗ ಮಾಯಮ್ಮ ಹಸುವಿಗೆ ಹಿಂಡಿ ಕಲಸುತ್ತಿದ್ದಳು. ಮಗಳು ಬಂದ ಕಾರಣ ಗೊತ್ತಿತ್ತು. ತಲೆ ಎತ್ತದೆ ತಾನೇ ಮಾತು ತೆಗೆದಳು.

"ನಿಮ್ಮಪ್ಪ ಊದಿರ್ಬೇಕು ಕಿವೀಗೆ. ನಾನೇನು ಸುಳ್ಳೇಳಿದ್ನಾ? ಮೊದ್ಲು ಗಾಜಿನ ಕೊಳ್ವೇಲಿ ಆಲು ಆಕಿ ಎಲ್ಲಾರ್ಗೂ ತೋರ್ಸಿ ಫ್ಯಾಟು ಏಳ್ತಿದ್ರು, ಕೊಬ್ಬು ಎಷ್ಟೋ ದುಡ್ಡು ಅಷ್ಟು. ಈಗ ಒಸ ಪೆಟ್ಗೆ ತಂದು ಗೋಡೆ ಮ್ಯಾಲೆ ಎತ್ತರಕ್ಕೆ ಮಡಿಗವ್ರೆ. ಚಲುವಣ್ಣ ಜಗ್ಲಿ ಮ್ಯಾಲೆ ನಿಂತ್ಕೊಂಡು 'ಮಾಯಕ್ಕ, ಮೂರು ನಾಕು' ಅಂತಾನೆ. ನಾನು ಕೆಳಗಿನ ಮೆಟ್ಲಿಂದ ನೋಡುದ್ರೆ ಬರೀ ಕಪ್ಪು. ಎಂಗೆ ನಂಬ್ಲಿ? ಅದೇನು, ಅವ್ನೊಬ್ನಿಗೇ ಕಾಣೋ ಗಾಜಾ?"

"ಅವ್ವ, ಚಲುವಯ್ಯಮಾವ ಅಂಥೋರಲ್ಲ."

"ನಾನೂ ಅಂಗೇ ಅಂದ್ಕೊಂಡಿದ್ದೆ. ಅದ್ಕೇ ಒಟ್ಟೆ ಉರೀತು."

ಮಾರನೆಯ ದಿನ ಬೆಳಗ್ಗೆ ಪ್ರಮೀಳಾ ತಾನೇ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಳು. ಮಾಯಮ್ಮ ಬರಲಿಲ್ಲ. ಡೈರಿ ಮುಂದೆ ಸಾಲು ಇತ್ತು. ಕಟ್ಟಡದ ಜಗಲಿ ಎತ್ತರ, ಹಾಲು ಹಾಕುವವರು ನಿಲ್ಲುವುದು ಕೆಳಗಿನ ಮೆಟ್ಟಿಲಿನಲ್ಲಿ. ಚಲುವಯ್ಯನ ಮುಖ ಬಾಡಿತ್ತು. ಯಾರನ್ನೂ ನೋಡದೆ ಹಾಲು ಸುರಿಸಿಕೊಂಡು, ಸಂಖ್ಯೆ ಕೂಗಿ, ಚೀಟಿ ಹರಿದು ಕೊಡುತ್ತಿದ್ದ. ಪ್ರಮೀಳಾಳನ್ನು ಕಂಡು, "ನೀನೂ ಬಂದ್ಯಾ ಜಗಳಕ್ಕೆ?" ಎಂದ.

"ಇಲ್ಲ ಮಾವ. ಆಲು ಆಕಕ್ಕೆ ಬಂದೆ."

ಹಾಲು ಸುರಿದು ತಲೆ ಎತ್ತಿ ನೋಡಿದಳು. ಅವ್ವ ಹೇಳಿದ್ದು ನಿಜ. ಗೋಡೆಯ ಗೂಡಿನಲ್ಲಿಟ್ಟ ಪೆಟ್ಟಿಗೆಯ ಪರದೆ ಕೆಳಗಿನಿಂದ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಕಣ್ಣು ಕಿರಿದು ಮಾಡಿದರೆ ಕಪ್ಪಿನೊಳಗೆ ಇನ್ನಷ್ಟು ಕಪ್ಪಾದ ಏನೋ ಆಕಾರ. ಅವಳು ಕ್ಯಾನು ಕೆಳಗಿಟ್ಟು ಜಗಲಿ ಹತ್ತಿ ಚಲುವಯ್ಯನ ಪಕ್ಕ ನಿಂತಳು. ನೀಲಿ ಹಿನ್ನೆಲೆಯ ಮೇಲೆ ಬೆಳ್ಳಗೆ, ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ, ಮೂರು ಎಂಟು ಎಂದು ಕಾಣುತ್ತಿತ್ತು. ಸ್ವಲ್ಪ ಬಾಗಿದಳು, ಅಂಕಿ ಮಂಕಾಯಿತು. ಇನ್ನೂ ಬಾಗಿದಳು, ಬಿಳಿ ಕಪ್ಪಾಗಿ ತಿರುಗಿಕೊಂಡಿತು.

"ಮಾವ, ಒಂದ್ಸಲ ನೀವು ಕೆಳಗಿನ ಮೆಟ್ಲಿಗೆ ಬನ್ನಿ."

"ನಾ ಯಾಕೆ ಬರ್ಲಿ? ಇಷ್ಟು ವರ್ಸ ಇಲ್ಲೇ ನಿಂತಿವ್ನಿ, ಇಲ್ಲೇ ನಿಂತಿರ್ತೀನಿ."

"ನನಗೋಸ್ಕರ ಬನ್ನಿ."

ಚಲುವಯ್ಯ ಗೊಣಗುತ್ತ ಇಳಿದ. ಹೆಂಗಸರ ನಡುವೆ ನಿಂತು ಕತ್ತು ಎತ್ತಿದ. 

"ಅಯ್ಯೋ ಶಿವನೇ, ಮಸಿ ಬಳ್ದಂಗೈತಲ್ಲ! ಇಷ್ಟು ದಿನ ನಿಮ್ಗೆಲ್ಲಾ ಇಂಗೇ ಕಾಣ್ತಿತ್ತಾ?"

"ಮತ್ತೆ ಮಾಯಕ್ಕ ಇನ್ನೇನು ಅಂದಿದ್ದು?" ಎಂದಳು ಸಾಲಿನಲ್ಲಿದ್ದ ಪಾರ್ವತಮ್ಮ. ಅವಳು ಮಾಯಮ್ಮನ ನೆರೆಮನೆಯವಳು.

ಪ್ರಮೀಳಾ ಪೆಟ್ಟಿಗೆ ತಿರುಗಿಸಿ ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದಳು. ಪರದೆಯ ತಂತಿಪಟ್ಟಿಯ ಮೇಲೆ ತಾನು ದಿನಾ ನೋಡುವ ಗುರುತು.  ಮುಚ್ಚಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎದುರಿಗೆ ನಿಂತಿದ್ದವನು, ಚಿಕ್ಕಂದಿನಲ್ಲಿ ತನ್ನನ್ನು ಸೈಕಲ್ಲಿನ ಮೇಲೆ ಶಾಲೆಗೆ ಬಿಟ್ಟವನು.

"ಮಾವ, ಈ ಗಾಜು ನಮ್ಮ ಕಂಪ್ನಿದೇ."

ಚಲುವಯ್ಯ ಅವಳನ್ನೇ ನೋಡಿದ. "ಅಂಗಾರೆ ನನ್ನ ಕಳ್ಳ ಅನ್ಸಿದ್ದು ನೀವೇ ಅನ್ನು!"

ಅವನು ಬೈಯಲಿಲ್ಲ, ಟವೆಲಿನಲ್ಲಿ ಮುಖ ಒರೆಸಿಕೊಂಡ. ಆ ಒರೆಸಿಕೊಂಡದ್ದೇ ಪ್ರಮೀಳಾಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಮನೆಗೆ ಬಂದು ಅವ್ವನಿಗೆ ಎಲ್ಲ ಬಿಡಿಸಿ ಹೇಳಿದಳು. ಮಾಯಮ್ಮ ಸಾವಧಾನವಾಗಿ ಕೇಳಿಸಿಕೊಂಡಳು. "ತಪ್ಪು ಗಾಜಿಂದು ಅಂದ್ರೆ ಚಲುವಣ್ಣಂಗೆ ಅಂದಿದ್ದು ನಂದೇ ತಪ್ಪು, ಒಪ್ಕೋತೀನಿ. ಆದ್ರೆ ನನ್ ಕಣ್ಗೆ ಕಾಣ್ದಿದ್ ಕಡೆ ನಾ ಆಲು ಉಯ್ಯಾಕಿಲ್ಲ ಕಣವ್ವ. ಕಾಣಂಗೆ ಮಾಡು, ಆವಾಗ ಬತ್ತೀನಿ."

ಸೋಮವಾರ ಕಂಪನಿಗೆ ಹೋದವಳು ಸೀದಾ ಕುಮಾರ್ ಅವರ ಕೋಣೆಗೆ ನುಗ್ಗಿದಳು. ಕುಮಾರ್ ವಿನ್ಯಾಸ ವಿಭಾಗದ ಮುಖ್ಯಸ್ಥರು. ಮೈಸೂರಿನವರು, ಮಿತಭಾಷಿ. ಪೂರ್ತಿ ಕೇಳಿ, "ಪರದೆ ತಲೆಕೆಳಗು ಮಾಡಿ ಕೂರಿಸಿದರೆ ಆಯ್ತಲ್ಲ? ಕೆಳಗಿನವರಿಗೆ ಕಾಣುತ್ತೆ," ಎಂದರು.

"ಸರ್, ಆಗ ಮೇಲಿನಿಂದ ನೋಡುವವರಿಗೆ ಕಪ್ಪಾಗುತ್ತೆ. ಎಷ್ಟೋ ಡೈರಿಗಳಲ್ಲಿ ಪೆಟ್ಟಿಗೆ ಮೇಜಿನ ಮೇಲಿರುತ್ತೆ. ಒಬ್ಬರ ಕಣ್ಣು ಬಿಡಿಸಿ ಇನ್ನೊಬ್ಬರ ಕಣ್ಣು ಕಟ್ಟಿದ ಹಾಗಾಗುತ್ತೆ. ಇಬ್ಬರಿಗೂ ಒಂದೇ ಸಲ, ಒಂದೇ ಅಂಕಿ ಕಾಣಬೇಕು. ಇಲ್ಲದಿದ್ದರೆ ನಂಬಿಕೆ ಹೇಗೆ ಬರುತ್ತೆ?"

ಕುಮಾರ್ ಒಪ್ಪಿದರೂ ಅದು ಸುಲಭವಲ್ಲ ಎಂಬಂತೆ ತಲೆ ಆಡಿಸಿದರು. ಕಾರಣ ಅವಳಿಗೂ ಗೊತ್ತಿತ್ತು.

ಇಂಥ ಪರದೆಯಲ್ಲಿ ಸಾವಿರಾರು ಚುಕ್ಕಿಗಳು. ಒಂದೊಂದು ಚುಕ್ಕಿಗೂ ಕಣ್ಣಿಗೆ ಕಾಣದಷ್ಟು ಸಣ್ಣ ಸ್ವಿಚ್ಚು, ಆ ಸ್ವಿಚ್ಚಿಗೆ ಅಂಟಿದ ವಿದ್ಯುತ್ತು ಹರಿಯಬಲ್ಲ ಪಾರದರ್ಶಕ ತೆಳುಪದರ. ಅದೇ ಎಲೆಕ್ಟ್ರೋಡು. ಅದಕ್ಕೆ ವಿದ್ಯುತ್ತು ಬಂದಾಗ ಅದರ ಮೇಲಿನ ದ್ರವಸ್ಫಟಿಕದ ಅಣುಗಳು ಹೊರಳುತ್ತವೆ, ಬೆಳಕು ದಾಟುತ್ತದೆ ಇಲ್ಲವೇ ನಿಲ್ಲುತ್ತದೆ. ಹಳೆಯ ಬಗೆಯ ಗಾಜಿನಲ್ಲಿ ಒಂದು ಎಲೆಕ್ಟ್ರೋಡು ಕೆಳಗಿನ ಗಾಜಿನ ಮೇಲೆ, ಇನ್ನೊಂದು ಮೇಲಿನ ಗಾಜಿನಲ್ಲಿ. ನಡುವಿನ ಅಣುಗಳು ಎದ್ದು ವಾಲಿ ನಿಲ್ಲುತ್ತವೆ. ಗಾಳಿಗೆ ಪೈರು ಒಂದೇ ಕಡೆಗೆ ವಾಲಿದಾಗ ಗದ್ದೆಯ ಈ ಬದುವಿನಿಂದ ಗರಿ ಕಂಡರೆ ಆ ಬದುವಿನಿಂದ ಬುಡ ಕಾಣುವುದಿಲ್ಲವೇ, ಹಾಗೆ ನೋಡುವ ಕಡೆ ಬದಲಾದರೆ ಪರದೆಯೂ ಬದಲಾಗುತ್ತದೆ. ಎರಡೂ ಎಲೆಕ್ಟ್ರೋಡುಗಳನ್ನು ಕೆಳಗಿನ ಗಾಜಿನಲ್ಲೇ ಇಟ್ಟರೆ ಅಣುಗಳು ಮಲಗಿದಲ್ಲೇ ತಿರುಗುತ್ತವೆ. ಎಲ್ಲಿಂದ ನೋಡಿದರೂ ಒಂದೇ.

ಇದು ದೊಡ್ಡ ಟಿವಿಗಳಲ್ಲಿ, ಮೊಬೈಲುಗಳಲ್ಲಿ ಆಗಲೇ ಇದ್ದ ವಿದ್ಯೆ. ಆದರೆ ಹಾಗೆ ಮಾಡಿದ ಗಾಜು ಬೆಳಕು ನುಂಗುತ್ತದೆ. ಡೈರಿಯ ಪೆಟ್ಟಿಗೆ ಕರೆಂಟು ಹೋದಾಗ ಬ್ಯಾಟರಿಯಲ್ಲಿ ನಡೆಯಬೇಕು, ಬೆಳಗಿನ ಎಳೆಬಿಸಿಲು ನೇರ ಬಿದ್ದರೂ ಓದಲು ಆಗಬೇಕು. ಕಡಿಮೆ ದೀಪದಲ್ಲಿ ಹೆಚ್ಚು ಬೆಳಕು ಕೊಡುವ, ತಮ್ಮ ಸಣ್ಣ ಪರದೆಗೆ ಹೊಂದುವ ಎಲೆಕ್ಟ್ರೋಡನ್ನು ಯಾರಾದರೂ ಮೊದಲಿನಿಂದ ಬರೆಯಬೇಕಿತ್ತು.

"ನಾನು ಬರೀತೀನಿ ಸರ್," ಎಂದಳು ಪ್ರಮೀಳಾ.

ಕುಮಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗಾಜಿನ ಮೇಲೆ ಪದರ ಮೂಡಿಸೋ ಅಚ್ಚುಗಳು, ಮಾಸ್ಕುಗಳು, ಒಂದು ಸೆಟ್ಟು ಮಾಡಿಸಬೇಕು. ತುಂಬಾ ದುಬಾರಿ. ಒಂದು ಸಲ ಮಾಡಿಸಿದರೆ ಮುಗೀತು, ಎರಡನೇ ಸೆಟ್ಟು ನನ್ನ ಕೈಲಿ ಒಪ್ಪಿಸೋಕೆ ಆಗಲ್ಲ. ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡಿಯೇ ಬಂದಿದ್ದೀನಿ."

ಆ ಬೇಸಿಗೆಯೆಲ್ಲ ಅವಳು ಗೆರೆಗಳಲ್ಲೇ ಬದುಕಿದಳು. ತಳದಲ್ಲಿ ಚುಕ್ಕಿಯ ತುಂಬ ಹರಡಿದ ಒಂದು ಎಲೆಕ್ಟ್ರೋಡು, ಅದರ ಮೇಲೆ ಕರೆಂಟು ದಾಟದ ತೆಳುಪದರ, ಅದರ ಮೇಲೆ ಸೀಳು ಸೀಳಾಗಿ ಬಿಡಿಸಿದ ಇನ್ನೊಂದು. ಸೀಳುಗಳ ಅಂಚಿನಿಂದ ವಿದ್ಯುತ್ತಿನ ಬಲ ಬಾಗಿ ಕೆಳಗೆ ಇಳಿಯುತ್ತದೆ. ಸೀಳುಗಳ ನಡುವೆ ಉಳಿಯುವ ಗೆರೆ ಅಗಲವಾದರೆ ಅದರ ನಡುವಿನ ಅಣು ಅಲುಗುವುದಿಲ್ಲ, ಅಲ್ಲೊಂದು ನೆರಳು. ತೀರಾ ಕಿರಿದಾದರೆ ತೈವಾನಿನ ಯಂತ್ರ ಅದನ್ನು ಕೊರೆಯಲಾರದು. ಗೆರೆಗಳೆಲ್ಲ ಒಂದೇ ದಿಕ್ಕಿಗಿದ್ದರೆ ಬಿಳಿ ಬಣ್ಣ ಎಡಗಡೆಯಿಂದ ನೀಲಿ, ಬಲಗಡೆಯಿಂದ ಹಳದಿ. ಅದಕ್ಕೆ ಪ್ರತಿ ಗೆರೆಯನ್ನೂ ನಡುವೆ ಬಾಗಿಸಿ, ಅರ್ಧ ಒಂದು ಕಡೆಗೆ, ಅರ್ಧ ಇನ್ನೊಂದು ಕಡೆಗೆ ವಾಲಿಸಿದಳು. ಒಂದರ ತಪ್ಪನ್ನು ಇನ್ನೊಂದು ತಿದ್ದಿತು. ಇಷ್ಟು ಬಾಗು ಸಾಕೇ, ಇನ್ನೊಂದಿಷ್ಟು ಬೇಕೇ? ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿ ನೋಡುವಳು, ಅಳಿಸುವಳು, ಮತ್ತೆ ಬರೆಯುವಳು. ಊಟದ ತಟ್ಟೆಯಲ್ಲಿ ಅನ್ನದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಕುಳಿತವಳನ್ನು ನೋಡಿ ಶಿವಶಂಕರ್, "ಸಾರು ಬೇಕಾ, ಇಲ್ಲಾ ಕರೆಂಟು ಕೊಡ್ಲಾ?" ಎಂದು ನಗುತ್ತಿದ್ದ.

ತೈವಾನಿನಿಂದ ಗಾಜು ಬಂದ ದಿನ ವಿಭಾಗದವರೆಲ್ಲ ಮೇಜಿನ ಸುತ್ತ ಸೇರಿದರು. ದೀಪ ಹತ್ತಿತು, ಅಂಕಿ ಮೂಡಿತು. ಮೇಲಿನಿಂದ ನೋಡಿದರು, ಕೆಳಗಿನಿಂದ ನೋಡಿದರು, ಎಡದಿಂದ, ಬಲದಿಂದ. ಎಲ್ಲಿಂದ ನೋಡಿದರೂ ಅದೇ ಬಿಳಿ, ಅದೇ ನೀಲಿ. ಬೆಳಕೂ ಅವಳು ಲೆಕ್ಕ ಹಾಕಿದ್ದಕ್ಕಿಂತ ಚೆನ್ನಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪರೀಕ್ಷಾ ವಿಭಾಗದ ರಾಹುಲ್ ಖುಷಿಯಲ್ಲಿ, "ನೋಡಿ ಮೇಡಂ, ಎಂಟು ಎಷ್ಟು ನೀಟಾಗಿದೆ!" ಎನ್ನುತ್ತ ಬೆರಳಿಟ್ಟು ತೋರಿಸಿದ.

ಬೆರಳು ತೆಗೆದ ಮೇಲೂ ಅಲ್ಲೊಂದು ಕಪ್ಪು ಕಲೆ ಉಳಿಯಿತು.

ಚಪ್ಪಾಳೆ ನಿಂತಿತು. ರಾಹುಲ್ ಬಟ್ಟೆಯಿಂದ ಒರೆಸಿದ. ಒರೆಸಿದಷ್ಟೂ ಕಲೆ ಹರಡಿತು. ಪರದೆ ಆರಿಸಿ ಹತ್ತಿಸಿದಾಗ ಹೋಯಿತು, ಮತ್ತೆ ಒತ್ತಿದಾಗ ಮತ್ತೆ ಬಂತು. ಗಾಜಿನ ಹೊರಗಿನ ಕಲೆಯಲ್ಲ ಅದು, ಒಳಗಿನದು. ಒತ್ತಿದ ಕಡೆ ಅಣುಗಳು ತಪ್ಪು ದಿಕ್ಕಿಗೆ ತಿರುಗಿ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದವು.

ಹಾಲು ಹಾಕುವ ಜಾಗದಲ್ಲಿ ಬೆರಳಿಡದೆ ಯಾರು ಮಾತಾಡುತ್ತಾರೆ? 'ಇಲ್ನೋಡು, ಏನೈತೆ ನೋಡು' ಎಂದು ದಿನಾ ಊರೆಲ್ಲ ಒತ್ತುತ್ತದೆ. ಸಂಜೆಯ ಹೊತ್ತಿಗೆ ಪರದೆಯ ತುಂಬ ಕಪ್ಪು. ಕುಮಾರ್ ಕನ್ನಡಕ ತೆಗೆದು ಒರೆಸುತ್ತ ತಮ್ಮ ಕೋಣೆಗೆ ಹೋದರು.

ಅವತ್ತು ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ನಾಲೆ ಏರಿ ಮೇಲೆ ಗಾಡಿ ನಿಲ್ಲಿಸಿ ಕುಳಿತುಬಿಟ್ಟಳು ಪ್ರಮೀಳಾ. ನೀರು ತುಂಬಿ ಹರಿಯುತ್ತಿತ್ತು. ತಾನೇ ಬಾಯಿಬಿಟ್ಟು ಕೇಳಿ ಪಡೆದ ಕೆಲಸ, ಹತ್ತು ಜನರೆದುರು ಮಣ್ಣಾಯಿತು. ಇನ್ನು ಮುಂದೆ ತೋಳು ಗಿಡ್ಡ ಮಾಡುವ ಕೆಲಸವೇ ಗತಿ ಎನಿಸಿತು. ಮನೆಗೆ ಹೋದಾಗ ಶಿವಶಂಕರ್ ಮುಖ ನೋಡಿಯೇ ತಿಳಿದುಕೊಂಡ.

"ಪೂರ್ತಿ ಕೆಟ್ಟಿದ್ಯಾ, ಇಲ್ಲಾ ಒಂದು ಕಡೆ ಕೆಟ್ಟಿದ್ಯಾ?" ಎಂದು ಕೇಳಿದ.

"ಒಂದು ಕಡೆ."

"ಅಂಗಾದ್ರೆ ಅಳೋದು ಬುಡು. ನಮ್ಮಲ್ಲಿ ಒಂದು ಪಾಕ ಕೆಟ್ರೆ ಕಾರ್ಖಾನೆ ಮುಚ್ತಾರಾ?"

ಮಾರನೆಯ ದಿನದಿಂದ ಅವಳು ಕೆಟ್ಟ ಗಾಜನ್ನೇ ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕುಳಿತಳು. ರಾಹುಲ್ ಪಕ್ಕದಲ್ಲಿ ಕುಳಿತು ಸಣ್ಣ ರಬ್ಬರಿನ ಮೊನೆಯಿಂದ ಒತ್ತುವನು, ಅವಳು ನೋಡುವಳು. ಕಲೆ ಎಲ್ಲೆಂದರಲ್ಲಿ ಹುಟ್ಟುತ್ತಿರಲಿಲ್ಲ. ಪ್ರತಿ ಸಲವೂ ಸೀಳಿನ ತುದಿಯಿಂದ ಹುಟ್ಟಿ ಒಳಕ್ಕೆ ಹರಿಯುತ್ತಿತ್ತು. ಕಾರಣ ಹೊಳೆಯಿತು. ಸೀಳು ಮುಗಿಯುವ ತುದಿಯಲ್ಲಿ ಅಂಚು ದುಂಡಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಬಲ ಅಡ್ಡ ದಿಕ್ಕಿಗೆ ಎಳೆಯುತ್ತದೆ. ಸುಮ್ಮನಿದ್ದಾಗ ಆ ತಪ್ಪು ತುದಿಯಲ್ಲೇ ಅಡಗಿರುತ್ತದೆ. ಒತ್ತಿದಾಗ ಬಾಗಿಲು ತೆರೆದಂತಾಗಿ ಒಳಗೆ ನುಗ್ಗುತ್ತದೆ. ನಡುವಿನ ಬಾಗಿನಲ್ಲೂ ಅದೇ ಕಥೆ.

ಬಾಗಿಲು ಮುಚ್ಚುವುದು ಹೇಗೆ? ತುದಿಯಲ್ಲಿ ಸೀಳನ್ನು ಇನ್ನೂ ಸ್ವಲ್ಪ ಕಡಿದಾಗಿ ತಿರುಗಿಸಿದರೆ, ಕೊಕ್ಕೆಯ ಹಾಗೆ. ಆಗ ಅಲ್ಲಿಯ ಬಲವೂ ಸರಿಯಾದ ದಿಕ್ಕಿಗೇ ಎಳೆದು, ತಪ್ಪು ತಿರುಗಿದ ಅಣುಗಳನ್ನು ಹೊರಕ್ಕೆ ತಳ್ಳುತ್ತದೆ. ಓದಿ ನೋಡಿದಳು. ಈ ಉಪಾಯ ಜಗತ್ತಿಗೆ ಹೊಸದಾಗಿರಲಿಲ್ಲ, ಬೇರೆ ಗಾಜುಗಳಲ್ಲಿ ಬೇರೆಯವರು ಬಳಸಿದ್ದರು. ಆದರೆ ತಮ್ಮ ಗಾಜಿಗೆ, ತಮ್ಮ ಗೆರೆಗೆ ಎಷ್ಟು ತಿರುವು, ಎಷ್ಟು ಉದ್ದ ಎಂದು ಯಾರೂ ಬರೆದಿಟ್ಟಿರಲಿಲ್ಲ. ಅದನ್ನು ಅವಳೇ ಹುಡುಕಬೇಕಿತ್ತು. ಹುಡುಕಿದಳು. ತಿರುವು ಹೆಚ್ಚಾದರೆ ಬೆಳಕು ಕಡಿಮೆ, ಕಡಿಮೆಯಾದರೆ ಕಲೆ. ಎರಡರ ನಡುವೆ ಒಂದು ಸಣ್ಣ ಜಾಗವಿತ್ತು. ಅಲ್ಲಿ ಅವಳು ಗೆರೆ ನಿಲ್ಲಿಸಿದಳು.

ಆದರೆ ಇನ್ನೊಂದು ಸೆಟ್ಟು ಕೇಳುವ ಹಾಗಿರಲಿಲ್ಲ. ಹಳೆಯ ನಕ್ಷೆಯ ಪದರಗಳನ್ನು ಒಂದರ ಮೇಲೊಂದು ಹರಡಿ ನೋಡುತ್ತ ಕುಳಿತಳು. ಸ್ವಿಚ್ಚಿನ ಪದರ, ತಂತಿಗಳ ಪದರ, ತಳದ ಎಲೆಕ್ಟ್ರೋಡು, ಯಾವುದನ್ನೂ ಮುಟ್ಟಬೇಕಾಗಿರಲಿಲ್ಲ. ಬದಲಾಗಬೇಕಾದದ್ದು ಎಲ್ಲಕ್ಕಿಂತ ಮೇಲಿನ, ಸೀಳುಗಳ ಪದರ ಮಾತ್ರ. ಅವಳು ಎದ್ದು ಕುಮಾರ್ ಅವರ ಬಾಗಿಲು ತಟ್ಟಿದಳು.

"ಸರ್, ನಾನು ಎರಡನೇ ಸೆಟ್ಟು ಕೇಳೋಕೆ ಬಂದಿಲ್ಲ."

"ಮತ್ತೆ?"

"ಒಂದೇ ಒಂದು ಮಾಸ್ಕು. ಉಳಿದದ್ದೆಲ್ಲ ಈಗಾಗಲೇ ಮಾಡಿಸಿರೋದೇ ಸಾಕು."

ಕುಮಾರ್ ಕುರ್ಚಿಯಿಂದ ಎದ್ದು ಅವಳ ಕಂಪ್ಯೂಟರಿನವರೆಗೂ ನಡೆದು ಬಂದರು. ಪದರಗಳನ್ನು ಒಂದೊಂದಾಗಿ ತೆರೆಸಿ, ಮುಚ್ಚಿಸಿ ನೋಡಿದರು. ಎರಡು ಪ್ರಶ್ನೆ ಕೇಳಿದರು. ಎರಡಕ್ಕೂ ಉತ್ತರವಿತ್ತು. ಮೂರನೆಯದನ್ನು ಕೇಳಲು ಬಾಯಿ ತೆರೆದವರು ತಾವೇ ಉತ್ತರ ಕಂಡುಕೊಂಡು ಸುಮ್ಮನಾದರು.

"ಕಳಿಸಿ," ಎಂದರು.

ಎರಡನೆಯ ಗಾಜು ಬಂದಾಗ ಯಾರೂ ಚಪ್ಪಾಳೆಗೆ ಅವಸರ ಮಾಡಲಿಲ್ಲ. ರಾಹುಲ್ ಬೆರಳಿನಿಂದ ಒತ್ತಿದ. ಕಪ್ಪು ನೆರಳೊಂದು ಮೂಡಿ, ಬೆರಳು ತೆಗೆಯುತ್ತಲೇ ಮಾಯವಾಯಿತು. ಹೆಬ್ಬೆರಳಿನಿಂದ ಒತ್ತಿದ, ಉಜ್ಜಿದ, ಮಂಡಿ ಊರಿ ಕುಳಿತು ಮೊಣಕೈಯಿಂದಲೂ ಒತ್ತಿದ. ನೆರಳು ಮೂಡುವುದು, ಓಡಿಹೋಗುವುದು. "ನಿಲ್ತಿಲ್ಲ ಮೇಡಂ, ನಿಲ್ತಿಲ್ಲ!" ಎಂದು ಕೂಗಿದ. ಆಗ ಕುಮಾರ್ ಎಲ್ಲರಿಗಿಂತ ಮೊದಲು ಕೈ ತಟ್ಟಿದರು.

ನಕ್ಷೆಯ ಮೂಲೆಯಲ್ಲಿ 'ವಿನ್ಯಾಸ' ಎಂಬ ಚೌಕದಲ್ಲಿ ಇಷ್ಟು ವರ್ಷ ಅವಳು ಬೇರೆ ದೇಶದ ಹೆಸರುಗಳನ್ನೇ ಓದಿದ್ದಳು. ಅದನ್ನು ತುಂಬುವಾಗ ಬೆರಳು ಕೀಲಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಿಧಾನವಾಗಿ ತನ್ನ ಹೆಸರು ಟೈಪು ಮಾಡಿ, ಬೇಡದಿದ್ದರೂ ಮುಂದೆ 'ಸಿಂಧಘಟ್ಟ' ಎಂದು ಸೇರಿಸಿದಳು. ಕುಮಾರ್ ಅದನ್ನು ನೋಡಿದರು, ತೆಗೆಯಲು ಹೇಳಲಿಲ್ಲ.

ಹೊಸ ಪರದೆಯ ಮೊದಲ ಪೆಟ್ಟಿಗೆಯನ್ನು ಕಂಪನಿಯವರು ಪರೀಕ್ಷೆಗೆಂದು ಸಿಂಧಘಟ್ಟದ ಡೈರಿಗೇ ಕೊಟ್ಟರು. ಅದನ್ನು ಕೂರಿಸಿದ ಬೆಳಗ್ಗೆ ಹಾಲಿಲ್ಲದವರೂ ಬಂದು ನಿಂತಿದ್ದರು. ಮಾಯಮ್ಮ ಒಗೆದ ಸೀರೆ ಉಟ್ಟು, ಕ್ಯಾನು ಹಿಡಿದು, ಸಾಲಿನಲ್ಲಿ ಎಲ್ಲರ ಹಿಂದೆ ನಿಂತಳು. ಮುಂದೆ ಬಾ ಎಂದರೂ ಬರಲಿಲ್ಲ.

"ನನ್ ಸರದಿ ಬರ್ಲಿ," ಎಂದಳು.

ಸರದಿ ಬಂತು. ಹಾಲು ಸುರಿದಳು, ಯಂತ್ರ ಗುಂಯ್ ಎಂದಿತು. ಮಾಯಮ್ಮ ಕೆಳಗಿನ ಮೆಟ್ಟಿಲಿನಿಂದ ಕತ್ತೆತ್ತಿದಳು, ಚಲುವಯ್ಯ ಜಗಲಿಯ ಮೇಲಿಂದ ನೋಡಿದ. "ಮೂರು ಒಂಬತ್ತು" ಎಂದು ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

 ಆಮೇಲೆ ಮಾಯಮ್ಮ ಸೆರಗು ಸರಿ ಮಾಡಿಕೊಂಡು, "ಚಲುವಣ್ಣ, ಅವತ್ತು ನನ್ ಬಾಯಿ ಕೆಟ್ಟೋಯ್ತು. ಒಟ್ಟೆಗೆ ಆಕ್ಕೊಂಡುಬುಡು," ಎಂದಳು.

"ಬುಡು ಮಾಯಕ್ಕ. ನಾನು ಆ ಮೆಟ್ಲ ಮ್ಯಾಲೆ ನಿಂತಿದ್ರೆ ನಾನೂ ಅದೇ ಅಂತಿದ್ದೆ. ಯಾವತ್ತಾರ ಇಳ್ದು ನೋಡಿದ್ನಾ? ಅದು ನನ್ ತಪ್ಪು."

ಮಾತು ಅಲ್ಲಿಗೇ ಮುಗಿಯಲಿಲ್ಲ. ಮಾಯಮ್ಮ ಪಕ್ಕಕ್ಕೆ ಸರಿದು ನೋಡಿದಳು, ಕಿಟಕಿಯಿಂದ ಇಣುಕಿದಳು, ಕುಕ್ಕರಗಾಲಿನಲ್ಲಿ ಕುಳಿತೂ ನೋಡಿದಳು. "ಇಲ್ಲೂ ಕಾಣ್ತದೆ! ಪಾರ್ವತಿ, ಬಾ ಇಲ್ಲಿ, ಇಲ್ಲೂ ಕಾಣ್ತದೆ!" ಅವಳನ್ನು ನೋಡಿ ಉಳಿದವರೂ ಶುರು ಮಾಡಿದರು. ಹಾಲು ಹಾಕಲು ಬಂದ ಅರ್ಧ ಊರು ಬಾಗಿ, ಬಗ್ಗಿ, ಕುಳಿತು, ಎದ್ದು ಒಂದು ಪುಟ್ಟ ಗಾಜನ್ನು ನೋಡುತ್ತಿತ್ತು. ಜಗಲಿ ಹತ್ತಿ ಬೆರಳಿಟ್ಟು ಒತ್ತಿದವರಿಗೂ ಲೆಕ್ಕವಿಲ್ಲ. ಪ್ರಮೀಳಾ ಗೋಡೆಗೆ ಒರಗಿ ನಿಂತು ಪ್ರತಿ ಬೆರಳಿನ ನೆರಳೂ ಮಾಯವಾಗುವುದನ್ನು ನೋಡಿದಳು. 

ಪುಟ್ಟಸ್ವಾಮಿ ಅವಳ ಬಳಿ ಬಂದು ಮೆಲ್ಲಗೆ ಕೇಳಿದ: "ಅಲ್ಲ ಕಣವ್ವ, ಅದ್ರೊಳ್ಗೆ ನೀ ಮಾಡಿದ್ದು ಯಾವ್ದು? ನಂಗೆ ತೋರ್ಸು."

"ಅದು ಕಣ್ಣಿಗೆ ಕಾಣಲ್ಲ ಅಪ್ಪ. ಕಾಣದಷ್ಟು ಸಣ್ಣ ಗೆರೆಗಳು. ಅವು ಸರಿಯಾಗಿರೋದಕ್ಕೇ ಅಂಕಿ ಕಾಣ್ತಿರೋದು."

ಪುಟ್ಟಸ್ವಾಮಿ ಪರದೆಯನ್ನೇ ತುಂಬ ಹೊತ್ತು ದಿಟ್ಟಿಸಿದ. ಅವನಿಗೆ ಅರ್ಥವಾಯಿತೋ ಇಲ್ಲವೋ, ಅಂದಿನಿಂದ ಟೀ ಅಂಗಡಿಯಲ್ಲಿ ಯಾರಾದರೂ 'ಮಗ್ಳು ಟಿವಿ ಫ್ಯಾಕ್ಟ್ರಿ' ಎಂದರೆ ತಿದ್ದತೊಡಗಿದ. "ಟಿವಿ ಅಲ್ಲ ಕಣ್ಲಾ. ಗಾಜಿನೊಳ್ಗೆ ಗೆರೆ ಬರೀತಾಳೆ."

ಆರು ತಿಂಗಳೊಳಗೆ ಆ ಪರದೆ ಮಂಡ್ಯ ಸೀಮೆಯ ಎಷ್ಟೋ ಡೈರಿಗಳಿಗೆ ಹೋಯಿತು. ವಿನ್ಯಾಸ ವಿಭಾಗದಲ್ಲಿ ಪ್ರಮೀಳಾಗೆ ಸ್ವಂತ ಮೇಜು, ಇಬ್ಬರು ಹೊಸ ಹುಡುಗಿಯರ ತಂಡ. ಒಂದು ದಿನ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆ ನೆಂಟರ ಮನೆಗೆ ಹೋಗಿದ್ದವಳು ಬೆಳಗ್ಗೆ ಡೈರಿಯ ಸಾಲು ಕಂಡು ಗಾಡಿ ನಿಲ್ಲಿಸಿದಳು. ಅಲ್ಲಿ ಪೆಟ್ಟಿಗೆ ಮೇಜಿನ ಮೇಲಿತ್ತು. ಕುಳ್ಳಗಿನ ಮುದುಕಿಯೊಬ್ಬಳು, ಎಲ್ಲರೂ ಪುಟ್ಟತಾಯಮ್ಮ ಎಂದು ಕರೆಯುತ್ತಿದ್ದವಳು, ಪಕ್ಕದಿಂದ ವಾರೆಯಾಗಿ ನೋಡಿ, "ನಾಕು ಸೊನ್ನೆ. ಸರ್ಯಾಗಿ ಬರ್ಕೊಳಪ್ಪ," ಎಂದು ಸೆಕ್ರೆಟರಿಗೆ ಅಪ್ಪಣೆ ಕೊಡುತ್ತಿದ್ದಳು. ಅವನು ಕೂಡ, "ಆಯ್ತಜ್ಜಿ, ನೀನೇ ನೋಡಿದ್ಯಲ್ಲ," ಎಂದು ನಕ್ಕ.

ಸುಮ್ಮನೆ ನಿಂತು ನೋಡುತ್ತಿದ್ದ ಪ್ರಮೀಳಾಳ ಕಡೆ ಪುಟ್ಟತಾಯಮ್ಮ ತಿರುಗಿದಳು. "ಯಾರವ್ವ ನೀನು? ಆಲು ತಂದಿಲ್ಲ, ಏನಿಲ್ಲ, ಅದನ್ನೇ ನೋಡ್ತಿದ್ದೀಯೆ?"

ಏನೂ ಇಲ್ಲ ಎಂದು ಹೇಳಿ ಹೋಗಬಹುದಿತ್ತು. ಪ್ರಮೀಳಾ ಹಾಗೆ ಹೇಳಲಿಲ್ಲ.

"ಸಿಂಧಘಟ್ಟದೋಳು ಅಜ್ಜಿ. ಈ ಗಾಜು ಬರೆದೋಳು ನಾನು."

ಪುಟ್ಟತಾಯಮ್ಮ ಗಾಜನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. ಆಮೇಲೆ ಖಾಲಿ ಕ್ಯಾನನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. "ನಡಿ, ಮನೆಗೆ ಬಂದು ಒಂದು ಲೋಟ ಕಾಪಿ ಕುಡ್ಕೊಂಡು ಓಗು," ಎಂದು ಮುಂದೆ ಮುಂದೆ ನಡೆದಳು. ದಾರಿಯಲ್ಲಿ ಎದುರಾದವರಿಗೆಲ್ಲ ಇವಳು ಯಾರು ಎಂದು ಹೇಳುತ್ತ ಹೋದಳು. ಪ್ರಮೀಳಾ ತಲೆ ತಗ್ಗಿಸದೆ ಅವಳ ಜೊತೆ ನಡೆದಳು.